ಅತ್ತೆ ರಿಪೇರಿ ಮಾಡಿದ ಸ್ಪೀಡ್ ಲೋಡರು

ಉಗುರು ತೆಗೆಯುವ ಕಟರು ಹುಡುಕಲು ಹೋದವರು ಕಟರನ್ನೇ ಹಿಡಿದುಕೊಂಡು ಬಂದ ಉದಾಹರಣೆ ನಿಮ್ಮ ಮನೆಯಲ್ಲಿ ಇದ್ದರೆ ನೀವು ಪುಣ್ಯವಂತರು. ನಮ್ಮ ಮನೆಯ ಕಪಾಟಿನ ಕೆಳಗಿನ ಖಾನೆ ಎಳೆದರೆ ಮೊದಲು ಮುಳ್ಳಿಲ್ಲದ ಗಡಿಯಾರ ಬರುತ್ತದೆ, ಆಮೇಲೆ ಯಾವ ಬೀಗಕ್ಕೂ ಸೇರದ ಕೀಲಿಕೈಗಳ ಗೊಂಚಲು, ಆಮೇಲೆ ಒಂದೇ ಕಾಲಿನ ಕನ್ನಡಕ. ಕಟರು ಬರುವುದಿಲ್ಲ. ಕಳೆದ ಭಾನುವಾರ ಇವೆಲ್ಲದರ ಅಡಿಯಿಂದ ಗೇಣುದ್ದದ ಪ್ಲಾಸ್ಟಿಕ್ ಕೊಳವೆಯೊಂದು ಕೈಗೆ ಬಂತು. ಒಂದು ತುದಿಯಲ್ಲಿ ಹೆಬ್ಬೆರಳಿನಿಂದ ಒತ್ತುವ ಗುಂಡಿ, ಇನ್ನೊಂದು ತುದಿಯಲ್ಲಿ ಸಣ್ಣ ಬಾಯಿ. ಕಟರು ಅಲ್ಲಿಗೇ ಮರೆತುಹೋಯಿತು.

"ಅದನ್ನ ಈಗರೆ ಕಸದಾಗ ಒಗೀರಿ," ಅಂದಳು ನನ್ನ ಹೆಂಡತಿ.

"ಇದು ಒಗಿಯೂ ಸಾಮಾನಲ್ಲ," ಅಂದೆ ನಾನು. ನಮ್ಮ ಸಂಸಾರದಲ್ಲಿ ಈ ಎರಡು ಮಾತುಗಳಿಗೆ ಬಹಳ ವಯಸ್ಸಾಗಿದೆ.

ಅದರ ಹೆಸರು ಸ್ಪೀಡ್ ಲೋಡರು. ನನಗೂ ಅದು ಬಂದ ಡಬ್ಬಿಯ ಮೇಲೆ ಓದಿಯೇ ಗೊತ್ತಾದದ್ದು. ದೊಡ್ಡವರು ಆಡುವ ಆಟದ ಪಿಸ್ತೂಲು ಅಂತ ಒಂದು ಬರುತ್ತದೆ, ನೋಡಿರಬಹುದು. ತೊಗರಿ ಕಾಳಿಗಿಂತ ತುಸು ದಪ್ಪನೆಯ ಬಿಳಿ ಪ್ಲಾಸ್ಟಿಕ್ ಗುಂಡು ಹಾರಿಸುತ್ತದೆ. ಆ ಗುಂಡುಗಳನ್ನು ಮ್ಯಾಗಜೀನು ಎಂಬ ಚಪ್ಪಟೆ ಪಟ್ಟಿಯೊಳಗೆ ಒಂದೊಂದಾಗಿ ಉಗುರಿನಿಂದ ಒತ್ತಿ ಇಳಿಸಬೇಕು. ಒಳಗಿನ ಸ್ಪ್ರಿಂಗು ಇಳಿಸಿದ್ದನ್ನು ಮತ್ತೆ ಮುಖದ ಮೇಲೆ ಉಗುಳುತ್ತಿರುತ್ತದೆ. ಈ ಕೊಳವೆಯಿದ್ದರೆ ಆ ಕಷ್ಟವಿಲ್ಲ. ಗುಂಡುಗಳನ್ನು ಕೊಳವೆಗೆ ಸುರಿದುಕೊಂಡು, ಅದರ ಬಾಯನ್ನು ಮ್ಯಾಗಜೀನಿನ ಬಾಯಿಗಿಟ್ಟು ಒಮ್ಮೆ ಒತ್ತಿದರೆ ನಾಲ್ಕು ಗುಂಡು ಒಳಗೆ ಹೋಗುತ್ತವೆ. ನನ್ನ ಸೋದರಮಾವ ಮಲ್ಲಪ್ಪ ಅದಕ್ಕೆ ತುಂಬಣಿಗಿ ಅಂತ ಹೆಸರಿಟ್ಟಿದ್ದ. ಮಾಡಿದವರಿಗೂ ಇಷ್ಟು ಒಳ್ಳೆಯ ಹೆಸರು ಹೊಳೆದಿರಲಿಲ್ಲ.

ಮಲ್ಲಪ್ಪ ಮಾವನ ಬಗ್ಗೆ ಹೇಳುವ ಮುಂಚೆ ನನ್ನ ಒಂದು ದುರಭ್ಯಾಸದ ಬಗ್ಗೆ ಹೇಳಿಬಿಡುತ್ತೇನೆ. ಕೆಲವರು ಸೇದುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ. ನಾನು ಬಿಚ್ಚುತ್ತೇನೆ. ಒಂದು ಸಾಮಾನು ಕೆಲಸ ಮಾಡುತ್ತಿದ್ದರೆ ಯಾಕೆ ಮಾಡುತ್ತಿದೆ ಎಂದು ನೋಡಬೇಕೆನಿಸುತ್ತದೆ. ನೋಡಿದ ಮೇಲೆ ಅದು ಕೆಲಸ ಮಾಡುವುದಿಲ್ಲ. ಅಪ್ಪನ ರೇಡಿಯೋ ಹೀಗೇ ಹೋಯಿತು. ಮದುವೆಯಲ್ಲಿ ಬಂದ ಮಿಕ್ಸರಿಗೆ ಒಂದು ವರ್ಷವೂ ತುಂಬಿರಲಿಲ್ಲ. ಪ್ರತಿ ಸಲ ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಉಳಿಯುತ್ತವೆ. ಅವನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತೇನೆ; ಡಬ್ಬಿ ಈಗ ಎರಡನೆಯದು ನಡೆದಿದೆ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ನನ್ನನ್ನು ವಿಜ್ಞಾನದ ಮಾಸ್ತರ ಎನ್ನದೆ ಸ್ಕ್ರೂ ಮಾಸ್ತರ ಎನ್ನುತ್ತಿದ್ದ ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ. ಹೆಸರು ತಪ್ಪಾಗಿರಲಿಲ್ಲ.

ಇನ್ನು ಮಾವ. ಬಸವನ ಬಾಗೇವಾಡಿ ತಾಲೂಕಿನಲ್ಲಿ, ಹೂವಿನ ಹಿಪ್ಪರಗಿಯಲ್ಲಿ ಬಸ್ಸಿಳಿದು ಒಂದು ತಾಸು ನಡೆದರೆ ಅವನ ಹೊಲ. ಕಪ್ಪು ಮಣ್ಣಿನ ಎರೆ ಹೊಲ, ಬಿಳಿಜೋಳ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಗಿಳಿಗಳೂ ಗುಬ್ಬಿಗಳೂ ಊರಿಗೆಲ್ಲ ಸುದ್ದಿ ಮುಟ್ಟಿಸಿದವರ ಹಾಗೆ ಬಂದಿಳಿಯುತ್ತವೆ. ಆಗ ಹೊಲದ ನಡುವೆ ನಾಲ್ಕು ಕಂಬದ ಮೇಲೆ ಅಟ್ಟ ಕಟ್ಟಿ ಹಕ್ಕಿ ಎಬ್ಬಿಸುವುದು ಮಾವನ ಕೆಲಸ. ಎಂಟು ವರ್ಷದವನಿದ್ದಾಗಿನಿಂದ ಒಂದು ಹಂಗಾಮೂ ತಪ್ಪಿಸಿರಲಿಲ್ಲ. ಕೈಯಲ್ಲಿ ಕವಣೆ, ಪಕ್ಕದಲ್ಲಿ ಹಳ್ಳದ ದುಂಡುಗಲ್ಲುಗಳ ಗುಪ್ಪೆ. ಹೊಲದ ನಾಲ್ಕು ಮೂಲೆಗೆ ನಾಲ್ಕು ಖಾಲಿ ಎಣ್ಣೆಡಬ್ಬಿ ತೂಗುಹಾಕಿರುತ್ತಿದ್ದ. ಕವಣೆ ತಲೆಯ ಮೇಲೆ ಎರಡು ಸುತ್ತು ತಿರುಗಿತೆಂದರೆ ತಾನು ನೆನೆಸಿದ ಡಬ್ಬಿ ಟಣ್ ಎನ್ನಬೇಕು. ಸಾಲೆಗೆ ಸೂಟಿ ಬಿಟ್ಟಾಗ ಅಲ್ಲಿಗೆ ಹೋಗಿ ಅವನ ಪಕ್ಕ ಕೂತು, ಸುಟ್ಟ ಸಿಹಿತೆನೆಯನ್ನು ಶೇಂಗಾ ಚಟ್ನಿಯ ಜೊತೆ ಮುಕ್ಕುತ್ತ, "ಈಗ ಆ ಡಬ್ಬಿ, ಈಗ ಈ ಡಬ್ಬಿ" ಎಂದು ಬೆರಳು ಮಾಡುತ್ತಿದ್ದೆ. ಅವನ ಕಲ್ಲು ನನ್ನ ಬೆರಳಿನ ಮಾತು ಕೇಳುತ್ತಿತ್ತು.

ಹಕ್ಕಿಗೆ ಮಾತ್ರ ಅವನು ಒಂದು ದಿನವೂ ಗುರಿಯಿಟ್ಟವನಲ್ಲ. "ಎಬ್ಬಸೂದು ನಮ್ಮ ಕೆಲಸ. ಹೊಡಿಯೂದಲ್ಲ," ಎನ್ನುತ್ತಿದ್ದ. ಒಡ್ಡಿನ ಕಡೆಯ ಒಂದು ಸಾಲು ಜೋಳ ಹಕ್ಕಿಯ ಪಾಲು. ಆ ಸಾಲಿನಲ್ಲಿ ಇಳಿದ ಗಿಳಿಯನ್ನು ಅವನು ಮಾತಾಡಿಸುತ್ತಿರಲಿಲ್ಲ. ಅಲ್ಲಿಂದ ಎರಡನೇ ಸಾಲಿಗೆ ಜಿಗಿಯಿತೋ, ಡಬ್ಬಿ ಬಾರಿಸುತ್ತಿತ್ತು. ಗಿಳಿಗಳಿಗೂ ಆ ಗಡಿ ಗೊತ್ತಿತ್ತು ಎಂದು ನಾನು ಬಹಳ ದಿನ ನಂಬಿದ್ದೆ. ಈಗಲೂ ಪೂರಾ ಬಿಟ್ಟಿಲ್ಲ.

ಎರಡು ಸಾವಿರನೇ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ಮಾವ ಮೇವಿನ ಚಕ್ಕಡಿಯಿಂದ ಬಿದ್ದ. ಬಲಗೈಯ ಭುಜ ಹೋಯಿತು. ಕೈ ಕಿವಿಯವರೆಗೂ ಏಳುತ್ತಿರಲಿಲ್ಲ, ಎಡಗೈ ಬೆರಳುಗಳಿಗೆ ಮೊದಲಿನಿಂದಲೂ ವಾಯು. ಕವಣೆ ಬೀಸುವುದು ಮುಗಿಯಿತು. ಆ ವರ್ಷ ತೆನೆ ಹೊರಬಂದಾಗ ಊರವರು, "ಮಲ್ಲಪ್ಪಣ್ಣ, ಈ ಸಲ ಮನ್ಯಾಗ ಆರಾಮ ಕುಂಡ್ರು, ಅಟ್ಟಕ್ಕ ಬ್ಯಾರೆದವ್ರನ್ನ ಹಚ್ಚೂಣು," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಮಾವ ಅವತ್ತಿನಿಂದ ಗಡ್ಡ ಮಾಡಿಕೊಳ್ಳುವುದನ್ನು ಬಿಟ್ಟ, ರೊಟ್ಟಿ ಒಂದಕ್ಕೆ ಇಳಿಸಿದ, ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗತೊಡಗಿದ. ಅಟ್ಟ ಬಿಟ್ಟರೆ ಅವನು ಉಳಿಯುವುದಿಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಪಿಸ್ತೂಲು ಬಂದದ್ದು ಆಗ. ಇಂಡಿ ಪಟ್ಟಣದ ಹತ್ತಿರ ನಿಂಬೆ ತೋಟವಿರುವ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಮುಂಬಯಿಗೆ ನಿಂಬೆಹಣ್ಣು ಒಯ್ದಾಗ ಅದನ್ನು ತಂದಿದ್ದ. ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲಿಕ್ಕೆ. ಇಂಡಿಯ ಮಂಗಗಳು ಬಿಳಿ ಗುಂಡನ್ನು ಆರಿಸಿಕೊಂಡು ಕಡಿದು ನೋಡಿ ಉಗುಳಿದವಂತೆ. ಬೇಸತ್ತು ಪಿಸ್ತೂಲು, ತುಂಬಣಿಗೆ, ಒಂದು ಚೀಲ ಗುಂಡು ಎಲ್ಲ ನನಗೆ ದಾಟಿಸಿದ. ನಾನು ಅದನ್ನು ಮಾವನ ಹೊಲಕ್ಕೆ ಒಯ್ದೆ. ಡಬ್ಬಿಗಳನ್ನು ಅಟ್ಟದ ಹತ್ತಿರಕ್ಕೆ ಸರಿಸಿ ಕಟ್ಟಿದೆವು. ಪಿಸ್ತೂಲು ಹಿಡಿಯಲಿಕ್ಕೆ ಭುಜ ಎತ್ತಬೇಕಾಗಿರಲಿಲ್ಲ. ಮೊಣಕಾಲ ಮೇಲಿಟ್ಟುಕೊಂಡರೆ ಸಾಕು. ಮಾವ ಮೊದಲ ಗುಂಡಿಗೇ ಡಬ್ಬಿ ಬಾರಿಸಿದ. ಕಲ್ಲಿನಷ್ಟು ದೊಡ್ಡ ಸದ್ದಲ್ಲ, ಆದರೆ ಗಿಳಿ ಏಳುವಷ್ಟು ಇತ್ತು. ಮಾವ ಮರುದಿನ ಗಡ್ಡ ಬೋಳಿಸಿದ.

ಅವನ ಬೆರಳಿಗೆ ಒಂದೊಂದೇ ಗುಂಡು ಒತ್ತುವುದು ಆಗದ ಮಾತು. ಮ್ಯಾಗಜೀನನ್ನು ಮೊಣಕಾಲ ನಡುವೆ ಸಿಗಿಸಿಕೊಂಡು ತುಂಬಣಿಗೆಯಿಂದ ತುಂಬುತ್ತಿದ್ದ. ಅಂದರೆ ಅಟ್ಟದ ಮೇಲೆ ಮಾವ ಕೂತಿದ್ದ ಎನ್ನುವುದಕ್ಕಿಂತ ಆ ಕೊಳವೆಯೇ ಅವನನ್ನು ಕೂರಿಸಿತ್ತು ಎನ್ನಬೇಕು. ಇದನ್ನೆಲ್ಲ ತಿಳಿದೂ ನಾನು ಅದನ್ನು ಬಿಚ್ಚಿದೆ.

ಯಾಕೆ ಎಂದು ಕೇಳಬೇಡಿ. ಒತ್ತಿದರೆ ಸರಿಯಾಗಿ ನಾಲ್ಕೇ ಹೇಗೆ ಹೋಗುತ್ತವೆ, ಐದು ಯಾಕಿಲ್ಲ ಎಂಬುದು ಒಂದು ಶನಿವಾರವಿಡೀ ನನ್ನನ್ನು ಕಾಡಿತು. ಭಾನುವಾರ ಹೊಲಕ್ಕೆ ಹೋಗಿ, ಮಾವ ಬುತ್ತಿ ಉಣ್ಣುತ್ತಿದ್ದಾಗ ಬಿಚ್ಚಿದೆ. ಬಾಯಲ್ಲಿ ಗುಂಡು ಜಾರದಂತೆ ತಡೆಯುವ ಕಿರುನಾಲಗೆಯೊಂದಿತ್ತು, ಉಗುರಿನಷ್ಟೂ ಇಲ್ಲ. ಅದು ಪಟ್ಟೆಂದು ಮುರಿದು ಜೋಳದೊಳಗೆ ಹಾರಿಹೋಯಿತು. ಈಗ ಗುಂಡು ಸುರಿದರೆ ಬಾಯಿಂದ ಎಲ್ಲ ಕೆಳಗೆ.

"ಏನಾತೋ ಮಾಸ್ತರ?" ಅಂದ ಮಾವ.

"ಏನಿಲ್ಲ ಮಾವ. ಸ್ವಚ್ಛ ಮಾಡಾಕತ್ತೇನಿ."

ಸುಳ್ಳು ಹೇಳಿದವನು ಸ್ವಚ್ಛವನ್ನಾದರೂ ಮಾಡಬೇಕಲ್ಲ. ನಮ್ಮ ಕಡೆ ಕಿವಿ ನೋವಿಗೆ, ಬಾಗಿಲ ಕಿರಗುಡುವಿಕೆಗೆ, ತಲೆಕೂದಲಿಗೆ, ಎಲ್ಲಕ್ಕೂ ಮದ್ದು ಒಂದೇ, ಕುಸುಬಿ ಎಣ್ಣೆ. ಬುತ್ತಿಯ ಚಟ್ನಿಗೆಂದು ತಂದ ಕುಸುಬಿ ಎಣ್ಣೆಯನ್ನೇ ಕೊಳವೆಗೆ ಬಿಟ್ಟು, ಸ್ವಚ್ಛ ಮಾಡಿ ತರುತ್ತೇನೆಂದು ಅದನ್ನೂ ಒಂದು ಹಿಡಿ ಗುಂಡನ್ನೂ ಮನೆಗೆ ಒಯ್ದೆ. ಕುಸುಬಿ ಎಣ್ಣೆ ಗಾಳಿ ತಾಗಿದರೆ ಒಣಗಿ ಅಂಟಾಗುತ್ತದೆ, ಬಣ್ಣಕ್ಕೂ ಬಳಸುತ್ತಾರೆ ಎಂದು ಹತ್ತನೇ ಇಯತ್ತೆಗೆ ಪ್ರತಿ ವರ್ಷ ಪಾಠ ಮಾಡುತ್ತಿದ್ದವನು ನಾನೇ. ಆ ಪಾಠ ನನಗೆ ನೆನಪಾದದ್ದು ಮೂರನೇ ದಿನ, ಬಾಯಿಗೆ ಬೆರಳು ಅಡ್ಡ ಹಿಡಿದು ಸುರಿದ ಗುಂಡುಗಳೆಲ್ಲ ಕೊಳವೆಯೊಳಗೆ ಬೆಲ್ಲದ ಉಂಡೆಯ ಹಾಗೆ ಕಚ್ಚಿಕೊಂಡಾಗ.

ಆ ವಾರ ಸಿಂದಗಿಯಲ್ಲಿ ವಿಜ್ಞಾನ ಮಾಸ್ತರರ ತರಬೇತಿ ಇತ್ತು. ತುಂಬಣಿಗೆಯನ್ನು ಕಿಸೆಯಲ್ಲಿಟ್ಟುಕೊಂಡೇ ಹೋದೆ. ಬಸ್ ನಿಲ್ದಾಣದ ಹಿಂದೆ ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬ ಸಿಕ್ಕ. ನಗಲಿಲ್ಲ, ಏನಿದು ಎಂದೂ ಕೇಳಲಿಲ್ಲ. "ಸ್ಪ್ರಿಂಗ್ ಸೊರಗೇತ್ರಿ. ಗಟ್ಟಿದು ಹಾಕ್ತೇನಿ, ಅಂಟು ಗಿಂಟು ಏನಿದ್ರೂ ಹೊಡಕೊಂಡ ಹೊಕ್ಕೈತಿ," ಎಂದು ಹೊಲಿಗೆ ಯಂತ್ರದ ಉಕ್ಕಿನ ಸ್ಪ್ರಿಂಗು ಹಾಕಿಕೊಟ್ಟ. ಅದನ್ನು ಒತ್ತಲಿಕ್ಕೆ ನನಗೇ ಎರಡು ಹೆಬ್ಬೆರಳು ಬೇಕಾದವು. ಬಿಟ್ಟೊಡನೆ ಫಟಾರನೆ ಹಿಂದೆ ಜಿಗಿಯುತ್ತಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ಹಾಗಾಯಿತು.

ಮುಂದಿನ ಭಾನುವಾರ ಹೊಲಕ್ಕೆ ಹೋದೆ. ಅಟ್ಟದ ಮೇಲೆ ಯಾರೂ ಇರಲಿಲ್ಲ. ಕೆಳಗೆ ಮಾವನ ಹೆಂಡತಿ ಗೌರವ್ವ ಅತ್ತೆ ಒಬ್ಬಳೇ ನಿಂತು ಹೋ ಎಂದು ಕೂಗುತ್ತಿದ್ದಳು. ಒಂದು ಮೂಲೆಯ ತೆನೆಗಳು ಆಗಲೇ ಬೋಳಾಗಿದ್ದವು.

"ಮಾವ ಎಲ್ಲಿ?"

"ಮನ್ಯಾಗ. ಗ್ವಾಡಿ ನೋಡಾಕತ್ತಾರ," ಅಂದಳು. ಆಮೇಲೆ, "ನಾಳೆ ಬ್ಯಾರೆದವ್ರು ಬರ್ತಾರ ಕಾಯಾಕ. ನಿನ್ನ ತುಂಬಣಿಗಿ ಏನಾತು?"

ನಾನು ಎಲ್ಲ ಹೇಳಿದೆ. ನಾಲಗೆ, ಎಣ್ಣೆ, ಸಿಂದಗಿ, ಒಂದೂ ಬಿಡಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಚಾಚಿದಳು.

ಈಗ ಗೌರವ್ವ ಅತ್ತೆಯ ಕೈಯ ಬಗ್ಗೆ ನಿಮಗೆ ಹೇಳಲೇಬೇಕು. ಆ ಸೀಮೆಯಲ್ಲಿ ಕೂರಿಗೆಯ ಹಿಂದೆ ಬಿತ್ತಲಿಕ್ಕೆ ಅವಳಂಥ ಕೈ ಇನ್ನೊಂದಿರಲಿಲ್ಲ. ಮೂರು ತಾಳಿನ ಕೂರಿಗೆಗೆ ಮೇಲೆ ಒಂದು ಕಟ್ಟಿಗೆಯ ಬಟ್ಟಲು, ಅದರಿಂದ ಮೂರು ಬಿದಿರಿನ ಕೊಳವೆ ಕೆಳಗಿಳಿದಿರುತ್ತವೆ. ಎತ್ತು ನಡೆದಂತೆ ಹೆಣ್ಣುಮಗಳು ಹಿಂದೆ ನಡೆಯುತ್ತ, ಉಡಿಯಲ್ಲಿ ಕಟ್ಟಿಕೊಂಡ ಬೀಜವನ್ನು ಹಿಡಿಹಿಡಿಯಾಗಿ ತೆಗೆದು ಬೆರಳ ಸಂದಿಯಿಂದ ಆ ಬಟ್ಟಲಿಗೆ ಬಿಡಬೇಕು. ಹೆಚ್ಚು ಬಿಟ್ಟರೆ ಪೈರು ಒತ್ತಾಗುತ್ತದೆ, ಕಡಿಮೆಯಾದರೆ ಸಾಲು ಬಕ್ಕ, ಅಂದರೆ ನಡುನಡುವೆ ಖಾಲಿ. ಯಾವುದಾದರೂ ಕೊಳವೆ ಕಟ್ಟಿಕೊಂಡರೆ ಅಷ್ಟು ದೂರ ಬೀಜವೇ ಬೀಳದೆ ಹೋಗುತ್ತದೆ, ಅದು ಗೊತ್ತಾಗುವುದು ಎಂಟು ದಿನದ ಮೇಲೆ ಮೊಳಕೆ ಬಂದಾಗ. ಅತ್ತೆಗೆ ಆ ಕ್ಷಣದಲ್ಲೇ ಗೊತ್ತಾಗುತ್ತಿತ್ತು. ಎತ್ತಿನ ಗಂಟೆ, ಮಾವನ ಹಾಡು, ಗಾಳಿ, ಎಲ್ಲದರ ನಡುವೆ ಕೊಳವೆಯಲ್ಲಿ ಕಾಳು ಇಳಿಯುವ ಸದ್ದು ನಿಂತದ್ದನ್ನು ಹಿಡಿದು, "ನಿಲ್ರಿ, ನಡುವಿಂದು ಕಟ್ಟೇತಿ," ಎನ್ನುವಳು. ಅವಳು ಬಿತ್ತಿದ ಹೊಲದಲ್ಲಿ ಒಂದು ಗೇಣು ಬಕ್ಕ ನೋಡಿದವರಿಲ್ಲ. ನಾನು ಪದವಿಗೆ ಓದಿದ ಯಾವ ಪುಸ್ತಕದಲ್ಲೂ ಅಷ್ಟು ವಿಜ್ಞಾನ ಇರಲಿಲ್ಲ.

ಅತ್ತೆ ತುಂಬಣಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒತ್ತಿದಳು, ಬಿಟ್ಟಳು. ಮತ್ತೊಮ್ಮೆ.

"ಎರಡು ಕಾಳು ಬಾಗಲದಾಗ ಒಮ್ಮೆಲೆ ನಿಂತಾವ," ಅಂದಳು. "ನಾ ಮೊದಲು ಹೊಕ್ಕೇನಿ, ನೀ ಮೊದಲು ಹೊಕ್ಕಿ ಅಂತ."

"ಅದಕ್ಕ ಗಟ್ಟಿ ಸ್ಪ್ರಿಂಗ್ ಹಾಕ್ಸೇನಿ ಅತ್ತಿ."

"ಅದ ತಪ್ಪು. ಇದು ಹಿಂದಕ ಹೋಗೂದು ಇಷ್ಟು ಅವಸರ ಆದ್ರ ಕಾಳು ಸಾಲ ಹಿಡದು ಬೀಳೂದು ಯಾವಾಗ? ಎತ್ತು ಓಡಿದ್ರ ಬಿತ್ತಾಕ ಬರತೈತೇನು?"

ನನ್ನ ಶರ್ಟಿನ ಕಿಸೆಯಿಂದ ಅವಳೇ ಕೆಂಪು ಪೆನ್ನು ಎಳೆದು ಒತ್ತಿ ನೋಡಿದಳು. ಅದರ ಸ್ಪ್ರಿಂಗು ಮೆತ್ತಗಿತ್ತು. "ಇದು ಸಂಭಾವಿತ ಐತಿ," ಎಂದು ಅದನ್ನೇ ಬಿಚ್ಚಲು ಹೇಳಿದಳು. ಬಿಚ್ಚುವ ಕೆಲಸವಾದ್ದರಿಂದ ನನಗೆ ಕೊಟ್ಟಳು ಎಂದುಕೊಂಡು ಸಂತೋಷದಿಂದಲೇ ಬಿಚ್ಚಿದೆ. ಸಿಂದಗಿಯ ಸ್ಪ್ರಿಂಗು ಕಿತ್ತು ಪೆನ್ನಿನದನ್ನು ಕೂರಿಸುವ ಮುಂಚೆ ಕೊಳವೆಯನ್ನು ಅಂಟುವಾಳದ ನೀರಿನಲ್ಲಿ ಮೂರು ಸಲ ತೊಳೆದು ಬಿಸಿಲಿಗಿಟ್ಟಳು. ಎಣ್ಣೆಯ ಬದಲು ಏನು ಹಚ್ಚುವುದು ಎಂದು ನಾನು ಕೇಳಿದ್ದಕ್ಕೆ ಉತ್ತರ ಕೊಡದೆ ಮನೆಗೆ ಹೋಗಿ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ, ಮೊರ, ಗುಂಡಿನ ಚೀಲ, ಮ್ಯಾಗಜೀನು ತಂದಳು. ಗುಂಡುಗಳನ್ನು ಮೊರಕ್ಕೆ ಹಾಕಿ, ಮೇಲೆ ಪೌಡರು ಉದುರಿಸಿ, ಬೀಜಕ್ಕೆ ಬೂದಿ ಹಚ್ಚುವ ಹಾಗೆ ಎರಡೂ ಅಂಗೈಯಿಂದ ತಿಕ್ಕಿದಳು. ಒಡಕು, ಸೊಟ್ಟ, ಮಂಗ ಕಡಿದದ್ದು ಎಲ್ಲ ಆರಿಸಿ ತೆಗೆದಳು. ಉಳಿದದ್ದನ್ನು ಉಡಿಯಲ್ಲಿ ಕಟ್ಟಿಕೊಂಡಳು.

ಉಳಿದದ್ದು ಮುರಿದ ನಾಲಗೆ. ಅದಕ್ಕೆ ನಾನು ತಗಡು ಅಂದೆ, ಅವಳು ತಲೆ ಅಲ್ಲಾಡಿಸಿದಳು. ತಗಡು ಕಾಳನ್ನು ಕೊರೆಯುತ್ತದೆ. ತೆಂಗಿನ ಗರಿಯ ಕಡ್ಡಿ ಎರಡೇ ಒತ್ತಿಗೆ ಸೀಳಿತು. ಆಮೇಲೆ ಅವಳು ಅಟ್ಟದ ಕೆಳಗೆ ಬಗ್ಗಿ ನಡೆದು, ಗಿಳಿಯೊಂದು ಉದುರಿಸಿಹೋದ ಗರಿ ಎತ್ತಿಕೊಂಡಳು. ಕುಡುಗೋಲಿನ ತುದಿಯಿಂದ ಅದರ ದಂಟನ್ನು ಉದ್ದಕ್ಕೆ ಸೀಳಿ, ಎಳ್ಳಿನಷ್ಟು ಎಳ್ಳಿನಷ್ಟು ಕೆರೆದು, ಬಾಯಿಗೆ ಕೂರಿಸಿದಳು. ಬಗ್ಗಿಸಿದರೆ ಬಗ್ಗುತ್ತಿತ್ತು, ಬಿಟ್ಟರೆ ಮತ್ತೆ ನೆಟ್ಟಗೆ. ಗಿಳಿ ಓಡಿಸಲಿಕ್ಕೆ ಗಿಳಿಯದೇ ಗರಿ ಎಂದು ನಾನು ದೊಡ್ಡ ಮಾತು ಆಡಲು ಹೋದೆ. "ಸುಮ್ನ ಹಿಡಕೋ," ಅಂದಳು.

ಉಡಿಯಿಂದ ಗುಂಡು ತೆಗೆದು ಬೆರಳ ಸಂದಿಯಿಂದ ಕೊಳವೆಗೆ ಬಿಟ್ಟಳು. ಕಣ್ಣು ಮುಚ್ಚಿ ಕೇಳಿದಳು. ನನಗೂ ಕೇಳಿಸಿತು, ಒಂದರ ಹಿಂದೆ ಒಂದು, ತಡೆಯಿಲ್ಲದೆ. ಅತ್ತೆ ಕಿರುಬೆರಳಿನಿಂದ ಒತ್ತಿದಳು. ಮ್ಯಾಗಜೀನಿಗೆ ನಾಲ್ಕು ಹೋದವು. ಜೀವನದಲ್ಲಿ ನಾನು ಬಿಚ್ಚಿದ ಸಾಮಾನೊಂದು ಮೊದಲ ಸಲ ಮತ್ತೆ ಕೆಲಸ ಮಾಡುತ್ತಿತ್ತು, ಅದೂ ಒಂದು ಸ್ಕ್ರೂ ಉಳಿಯದ ಹಾಗೆ.

ಮನೆಗೆ ಹೋಗಿ ಅದನ್ನು ಅವಳು ಮಾವನ ತಲೆದಿಂಬಿನ ಪಕ್ಕ ಇಟ್ಟಳು. "ಮಾಸ್ತರ ಸರಿ ಮಾಡ್ಯಾನ. ಬರ್ರಿ, ಹಕ್ಕಿ ಭಾಳ ಆಗ್ಯಾವ," ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನನ್ನು ಒಮ್ಮೆ ನೋಡಿದಳು. ತೆರೆದ ಬಾಯಿ ಮುಚ್ಚಿದೆ. ಮಾವ ಗೋಡೆಯಿಂದ ಈ ಕಡೆ ಹೊರಳಿದ, ಕೊಳವೆಯನ್ನು ಒತ್ತಿ ನೋಡಿದ, ಎದ್ದು ಚಪ್ಪಲಿ ಹುಡುಕಿದ. ಮರುದಿನ ಕಾಯಲಿಕ್ಕೆ ಬಂದವರು ಕೆಳಗಿನಿಂದಲೇ ಅವನನ್ನು ನೋಡಿ ತಿರುಗಿ ಹೋದರಂತೆ.

ಎರಡು ವಾರ ಬಿಟ್ಟು ನಾನು ಮತ್ತೆ ಹೋದೆ. ಕಾಳು ಗಟ್ಟಿಯಾಗುತ್ತ ಬಂದಿತ್ತು, ಇನ್ನು ಎಂಟು ದಿನ ಕಾಯ್ದರೆ ಹಕ್ಕಿಯ ಹಾವಳಿ ಮುಗಿಯುತ್ತಿತ್ತು. ಅಟ್ಟದ ಮೇಲೆ ಮಾವನ ಪಕ್ಕ ಕೂತೆ. ಅತ್ತೆ ಕೆಳಗೆ ಒಡ್ಡಿನ ಮೇಲೆ ಹುಲ್ಲು ಕೊಯ್ಯುತ್ತಿದ್ದಳು. ಮಾವ ಬೆಳಗಿನಿಂದ ಹೊಡೆದದ್ದನ್ನು ಹೇಳುತ್ತ ಹೇಳುತ್ತ, ತುಂಬಣಿಗೆಯಲ್ಲಿದ್ದ ಕೊನೆಯ ಗುಂಡುಗಳನ್ನೂ ಮ್ಯಾಗಜೀನಿಗೆ ತುಂಬಿ ಪಿಸ್ತೂಲಿಗೆ ಹಾಕಿ, ಮಧ್ಯಾಹ್ನದ ಬಿಸಿಲಿಗೆ ಹಾಗೆಯೇ ತೂಕಡಿಸಿದ. ಪಿಸ್ತೂಲು ಮಡಿಲಲ್ಲೇ ಇತ್ತು. ಅಷ್ಟರಲ್ಲಿ ಗಿಳಿಗಳ ಹಿಂಡೊಂದು ತೆಂಕಣ ಮೂಲೆಯ ತೆನೆಗಳ ಮೇಲೆ ಇಳಿಯಿತು. ಎಬ್ಬಿಸಲೋ ಬೇಡವೋ ಎಂದು ನಾನು ಅವನ ಮುಖ ನೋಡುತ್ತಿದ್ದೆ.

ಕೆಳಗೆ ಅತ್ತೆ ನೆಟ್ಟಗಾದಳು. ಅಟ್ಟದ ಕಡೆ ಒಮ್ಮೆ ನೋಡಿದಳು. ಬಗ್ಗಿ ಒಂದು ಎರೆಮಣ್ಣಿನ ಹೆಂಟೆ ಎತ್ತಿಕೊಂಡು ಬೀಸಿ ಒಗೆದಳು. ಡಬ್ಬಿ ಟಣ್ ಎಂದಿತು. ಪಿಸ್ತೂಲಿನ ಗುಂಡಿಗೆ ಅಂಥ ಸದ್ದು ಒಂದು ದಿನವೂ ಬಂದಿರಲಿಲ್ಲ. ಹಿಂಡು ಒಟ್ಟಿಗೇ ಎದ್ದು ಹಳ್ಳದ ಕಡೆ ಹಾರಿತು. ಮಾವ ಬೆಚ್ಚಿ ಕಣ್ಣುಬಿಟ್ಟ.

"ಬರೊಬ್ಬರಿ ಹೊಡದ್ರಿ ನೋಡ್ರಿ," ಎಂದು ಕೂಗಿದಳು ಅತ್ತೆ, ಮತ್ತೆ ಹುಲ್ಲಿಗೆ ಬಗ್ಗಿದಳು.

ಅವಳಿಗೆ ಪಿಸ್ತೂಲು, ತುಂಬಣಿಗೆ, ಅಟ್ಟ ಯಾವುದೂ ಬೇಕಾಗಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಆ ಹೊಲವನ್ನು ಅವಳೊಬ್ಬಳೇ ಹೆಂಟೆ ಒಗೆದು ಕಾಯಬಹುದಾಗಿತ್ತು. ಅವತ್ತು ಬರೀ ಹೋ ಎಂದು ಕೂಗಿ ಒಂದು ಮೂಲೆ ಬೋಳಾಗಲು ಬಿಟ್ಟಿದ್ದಳು, ಅಷ್ಟೇ.

ಮಾವ ಇನ್ನೂ ತೂಗುತ್ತಿದ್ದ ಡಬ್ಬಿ ನೋಡಿದ. ಅದರ ಮೇಲೆ ಕಪ್ಪು ಮಣ್ಣು ಮೆತ್ತಿತ್ತು. ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಅವನು ಪಿಸ್ತೂಲಿನಿಂದ ಮ್ಯಾಗಜೀನು ಹೊರತೆಗೆದ. ಪಕ್ಕದ ಸೀಳಿನಲ್ಲಿ ಬಿಳಿ ಗುಂಡುಗಳು ಮೇಲಿನವರೆಗೂ ಕಾಣುತ್ತಿದ್ದವು, ಒಂದೂ ಕಡಿಮೆಯಾಗಿರಲಿಲ್ಲ. ಅದನ್ನು ಮೆಲ್ಲಗೆ ಬದಿಗಿಟ್ಟು, ಖಾಲಿ ತುಂಬಣಿಗೆಯನ್ನು ಕೈಗೆತ್ತಿಕೊಂಡು, ಕೆಳಗೆ ಕೇಳಿಸುವ ಹಾಗೆ ಟಿಕ್ ಎಂದು ಒತ್ತಿದ.

"ಎಷ್ಟು ಹ್ವಾದವ್ರಿ?" ಅತ್ತೆ ತಲೆ ಎತ್ತದೆ ಕೇಳಿದಳು.

"ನಾಕು," ಅಂದ ಮಾವ.